ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ: ಬೆಂಗಳೂರಿನ ಮನೆಗೆ ಕೋವಿ, ತೋಟಾ ಆರಿಸಿಕೊಂಡ ಬಗೆ

30×40 ಸೈಟಿನ ಮನೆಗಳಲ್ಲಿ ನಮ್ಮ ಮಲಗುವ ಕೋಣೆಯ ಕಿಟಕಿಗೂ ಪಕ್ಕದವರ ಮಲಗುವ ಕೋಣೆಯ ಕಿಟಕಿಗೂ ನಡುವೆ ಆರೇಳು ಅಡಿ ಜಾಗ ಇದ್ದರೆ ಹೆಚ್ಚು. ಅವರ ಮಗು ಕೆಮ್ಮಿದರೆ ನಮಗೆ ಕೇಳುತ್ತದೆ. ಇಂಥ ಕಡೆ ಮನೆಯ ರಕ್ಷಣೆಗೆ ಎಂದು ಪರವಾನಗಿ ಪಡೆದು ಕೋವಿ ಇಟ್ಟುಕೊಳ್ಳುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಗುರಿ ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ? ಕೋವಿ ಅಂಗಡಿಗೆ ಹೋದರೆ ಮಾತು ಶುರುವಾಗುವುದು ರಿವಾಲ್ವರೋ, ಜೋಡಿ ನಳಿಕೆಯೋ, ಪಂಪ್ ಆಕ್ಷನ್ನೋ (ಮುಂಗೈ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬಿಸುವ ಕೋವಿ) ಎಂಬಲ್ಲಿಂದ. ನಾನು ಈ ಕ್ರಮವನ್ನು ತಿರುಗಿಸಿಕೊಂಡೆ. ಮೊದಲು ಗುಂಡು ಹೋಗಬಹುದಾದ ಗೆರೆ, ಆಮೇಲೆ ಆ ಗೆರೆಗೆ ಒಗ್ಗುವ ಕೋವಿ, ಕೊನೆಗೆ ತೋಟಾ.

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಯೆಲ್ಲ ಬಹುಪಾಲು ಅಮೆರಿಕದ್ದು. ಅಲ್ಲಿನ ಒಳಗೋಡೆ ಎಂದರೆ ಅರ್ಧ ಇಂಚಿನ ಎರಡು ಜಿಪ್ಸಂ ಹಲಗೆ, ನಡುವೆ ಮೂರೂವರೆ ಇಂಚಿನ ಮರದ ಚೌಕಟ್ಟು, ಉಳಿದದ್ದು ಗಾಳಿ. ಮನುಷ್ಯನನ್ನು ತಡೆಯಬಲ್ಲ ಯಾವ ಗುಂಡಾದರೂ ಅಂಥ ಮೂರು ನಾಲ್ಕು ಗೋಡೆ ದಾಟುತ್ತದೆ. ಅದಕ್ಕೇ ಅವರು ಹಗುರವಾದ, ಬೇಗ ಒಡೆದು ಚೂರಾಗುವ .223 ಗುಂಡು (ಇಂಥ ಅಂಕಿಗಳು ಗುಂಡಿನ ದಪ್ಪವನ್ನು ಸುಮಾರಾಗಿ ಇಂಚಿನಲ್ಲಿ ಹೇಳುತ್ತವೆ), ಮೂತಿಯಲ್ಲಿ ಗುಳಿಯಿದ್ದು ಮೈಗೆ ತಾಗಿದಾಗ ಅರಳುವ ಹಾಲೋ ಪಾಯಿಂಟ್ ಎಂದೆಲ್ಲ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ .223 ಸೆಮಿ ಆಟೊಮ್ಯಾಟಿಕ್ ರೈಫಲ್ಲೂ 9 ಎಂಎಂ ಪಿಸ್ತೂಲೂ ಸಾಮಾನ್ಯ ಪರವಾನಗಿದಾರನ ಕೈಗೆ ಸಿಗುವಂಥವಲ್ಲ. ನಮ್ಮ ಗೋಡೆಯೂ ಬೇರೆ. ಹಾಗಾಗಿ ಆ ಸಲಹೆಯಿಂದ ಭೌತಶಾಸ್ತ್ರವನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಡಬೇಕು.

ಒಂದು ವಿಷಯ ಮಾತ್ರ ಎಲ್ಲ ಕಡೆಗೂ ಸಲ್ಲುತ್ತದೆ. ಹಾಲೋ ಪಾಯಿಂಟ್ ಗುಂಡು ಹಲಗೆಯನ್ನೋ ಪ್ಲೈವುಡ್ಡನ್ನೋ ದಾಟುವಾಗ ಅದರ ಮೂತಿಯ ಗುಳಿಗೆ ಪುಡಿ ತುಂಬಿಕೊಳ್ಳುತ್ತದೆ. ಆಮೇಲೆ ಅದು ಅರಳುವುದಿಲ್ಲ, ಸಾಧಾರಣ ಗುಂಡಿನಂತೆಯೇ ಮುಂದೆ ಹೋಗುತ್ತದೆ. ಅಂದರೆ ಗುರಿ ತಪ್ಪಿದ ಹಾಲೋ ಪಾಯಿಂಟ್ ಪಕ್ಕದ ಮನೆಯನ್ನು ಕಾಯುವುದಿಲ್ಲ.

ಗೋಡೆ ಬಡಿದು ನೋಡಿದ್ದು

ಮನೆ ಕಟ್ಟಿದ ಮೇಸ್ತ್ರಿಯನ್ನು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ, ಉಳಿದರ್ಧವನ್ನು ಅಳೆದೇ ತಿಳಿಯಬೇಕು. ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಗೋಡೆಯ ಒಟ್ಟು ದಪ್ಪ ಅಳೆದು, ಎರಡೂ ಕಡೆಯ ಗಾರೆಗೆಂದು ಒಂದು ಇಂಚು ಕಳೆದರೆ ಒಳಗಿನ ಇಟ್ಟಿಗೆಯೋ ಬ್ಲಾಕೋ ಎಷ್ಟೆಂದು ಗೊತ್ತಾಗುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ 9 ಇಂಚಿನ ಇಟ್ಟಿಗೆ ಗೋಡೆ ಸಾಮಾನ್ಯ. ಈಚಿನ ಸ್ವತಂತ್ರ ಮನೆಗಳಲ್ಲಿ ಹೊರಗೆ 6 ಇಂಚಿನ ಸಾಲಿಡ್ ಬ್ಲಾಕ್, ಒಳಗೆ 4 ಇಂಚು. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆಯ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಅಲ್ಯೂಮಿನಿಯಂ ಫಾರ್ಮ್‌ವರ್ಕಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆ, ಇಲ್ಲವೇ ಒಳಗೆಲ್ಲ ಗಾಳಿಗುಳ್ಳೆ ಇರುವ, ಹಗುರವಾದ ಎಎಸಿ ಬ್ಲಾಕ್.

ಸಾಲಿಡ್ ಬ್ಲಾಕ್, ಸುಟ್ಟ ಇಟ್ಟಿಗೆ, ಎರಕದ ಕಾಂಕ್ರೀಟ್ ಈ ಮೂರನ್ನೂ .32 ಕೈಕೋವಿಯ ಗುಂಡಾಗಲಿ 12 ಬೋರ್ ಬಂದೂಕಿನ ಚರೆಯಾಗಲಿ (ಒಂದೇ ತೋಟಾದಿಂದ ಗುಂಪಾಗಿ ಹೊರಡುವ ಸೀಸದ ಕಾಳುಗಳು) ಒಂದು ಹೊಡೆತಕ್ಕೆ ದಾಟುವುದಿಲ್ಲ. ಗಾರೆ ಉದುರುತ್ತದೆ, ಗುಳಿ ಬೀಳುತ್ತದೆ, ಅಷ್ಟೇ. ಹಾಲೋ ಬ್ಲಾಕನ್ನು ಅಷ್ಟು ನಂಬಬಾರದು, ಅದರ ಹೊರಗೋಡೆ ಒಂದೊಂದು ಇಂಚಿನಷ್ಟು ಮಾತ್ರ. ಎಎಸಿ ಬ್ಲಾಕಿನ ಸಾಂದ್ರತೆ ಘನ ಮೀಟರಿಗೆ 550ರಿಂದ 650 ಕೆ.ಜಿ., ನೀರಿಗಿಂತ ಹಗುರ. ಕೈಗರಗಸದಲ್ಲಿ ಕೊಯ್ಯಬಹುದಾದ ವಸ್ತು ಅದು. 4 ಇಂಚಿನ ಎಎಸಿ ಪಾರ್ಟಿಶನ್ನನ್ನು ನಾನು ಗುಂಡು ತಡೆಯುವ ಗೋಡೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆರಳ ಗಣ್ಣಿನಿಂದ ಬಡಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಸಾಲಿಡ್ ಬ್ಲಾಕ್ ಸದ್ದೇ ಮಾಡುವುದಿಲ್ಲ, ಗಣ್ಣು ನೋಯುತ್ತದೆ. ಎಎಸಿ ಮಂದವಾಗಿ ಡಬ್ ಎನ್ನುತ್ತದೆ. ಜಿಪ್ಸಂ ಪಾರ್ಟಿಶನ್ ಡೋಲಿನಂತೆ ಕೇಳುತ್ತದೆ.

ಗಟ್ಟಿ ಗೋಡೆಯಲ್ಲೂ ತೂತುಗಳಿರುತ್ತವೆ, ಬಣ್ಣದ ಹಿಂದೆ ಕಾಣುವುದಿಲ್ಲ ಅಷ್ಟೇ. ನಮ್ಮ 4 ಇಂಚಿನ ಒಳಗೋಡೆಯಲ್ಲಿ ಒಂದು ಸ್ವಿಚ್ ಬೋರ್ಡಿನ ಮುಖಫಲಕ ಬಿಚ್ಚಿ ನೋಡಿದಾಗ ಕಂಡದ್ದು ಇದು: ಈ ಕಡೆ 50 ಮಿ.ಮೀ. ಆಳದ ಲೋಹದ ಡಬ್ಬಿ, ಸರಿಯಾಗಿ ಅದರ ಬೆನ್ನಿಗೆ ಆ ಕಡೆಯ ಕೋಣೆಯ ಇನ್ನೊಂದು ಡಬ್ಬಿ. ನಡುವೆ ಉಳಿದದ್ದು ಬೆರಳ ಅಗಲದ ಸಿಮೆಂಟು. ಅಂದರೆ ಅಂಗೈಯಗಲದ ಆ ಜಾಗದಲ್ಲಿ ಗೋಡೆಯೇ ಇಲ್ಲ. ಹಾಸಿಗೆ ಪಕ್ಕದ ಸ್ವಿಚ್ಚು ನೆಲದಿಂದ ಎರಡು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಮಲಗಿದವರ ತಲೆಯ ಮಟ್ಟ ಅದು. ಎಸಿ ಪೈಪಿಗೆ ಕೊರೆದ ತೂತು, ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಕಂಡಿ, ಗಾಜಿನ ಪಟ್ಟಿಗಳ ವೆಂಟಿಲೇಟರ್, ವೈರಿಂಗಿಗೆ ಗ್ರೂವ್ ಕಟಿಂಗ್ ಮಾಡಿ ಮೇಲಷ್ಟೇ ಗಾರೆ ಮೆತ್ತಿದ ಪಟ್ಟೆ, ಇವನ್ನೆಲ್ಲ ಪಟ್ಟಿ ಮಾಡಿಕೊಳ್ಳಬೇಕು.

ಇನ್ನು ಬಾಗಿಲು. ಕೋಣೆಯ ಫ್ಲಶ್ ಡೋರ್ 30ರಿಂದ 35 ಮಿ.ಮೀ., ಮುಂಬಾಗಿಲಿನ ತೇಗ 40 ಮಿ.ಮೀ. ಆಸುಪಾಸು, ಬಚ್ಚಲಿನ ಬಾಗಿಲು ಪಿವಿಸಿ. ಫ್ಲಶ್ ಡೋರನ್ನು ಎಲ್ಲ ಗುಂಡುಗಳೂ ದೊಡ್ಡ ಚರೆಗಳೂ ದಾಟುತ್ತವೆ, ದಾಟಿದ ಮೇಲೂ ಆಚೆ ನಿಂತವನ ಜೀವ ತೆಗೆಯಬಲ್ಲವು. ಸ್ಟೀಲ್ ಬೀರುವಿನ ತಗಡು ಒಂದು ಮಿ.ಮೀ.ಗೂ ಕಡಿಮೆ, ಬಟ್ಟೆ ತುಂಬಿದ್ದರೂ ಅದು ಅಡ್ಡವಲ್ಲ. ಸೋಫಾ, ಹಾಸಿಗೆ, 18 ಮಿ.ಮೀ. ಪ್ಲೈವುಡ್ಡಿನ ವಾರ್ಡ್‌ರೋಬ್ ಯಾವುದೂ ಅಲ್ಲ. ಬೆಂಗಳೂರಿನ ಮನೆಯಲ್ಲಿ ಗುಂಡು ಸೋರುವುದು ಬಾಗಿಲು, ಕಿಟಕಿ, ಕಂಡಿಗಳಿಂದ. ಇದು ಮನಸ್ಸಿಗೆ ಹತ್ತಿದ ಮೇಲೆ ಕೋವಿಯ ಆಯ್ಕೆ ಅರ್ಧ ಹಗುರವಾಗುತ್ತದೆ.

ಕೆಂಪು ಚುಕ್ಕೆ

ಗೆರೆ ಹಿಡಿಯಲು ಕೋವಿ ಬೇಡ, ಮುಟ್ಟಲೂಬಾರದು. ಪಾಠ ಮಾಡುವವರು ಬಳಸುವ ಲೇಸರ್ ಪಾಯಿಂಟರ್, ಕ್ಯಾಮೆರಾ ಸ್ಟ್ಯಾಂಡು, ಅಳತೆ ಟೇಪು, ಹಾಳೆಯ ಮೇಲೆ ಬರೆದ ಮನೆಯ ನಕ್ಷೆ ಸಾಕು. ರಾತ್ರಿ ದೀಪ ಆರಿಸಿ ಮಾಡಿದರೆ ಚುಕ್ಕೆ ಚೆನ್ನಾಗಿ ಕಾಣುತ್ತದೆ. ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಯಾರ ಕಣ್ಣಿಗೂ ಬೀಳದಂತೆ ಮಾಡಬೇಕು.

ಆಪತ್ತಿನಲ್ಲಿ ಮನೆಯವರೆಲ್ಲ ಸೇರಿಕೊಳ್ಳುವ ಕೋಣೆ ಒಂದನ್ನು ಗೊತ್ತುಮಾಡಿಕೊಂಡೆವು. ಆ ಕೋಣೆಯ ಬಾಗಿಲಿಗೆ ಓರೆಯಾದ ಮೂಲೆಯಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ಮಂಡಿಯೂರಿ ಕೂತವನ ಭುಜದ ಮಟ್ಟಕ್ಕೆ, ಅಂದರೆ ಸುಮಾರು 90 ಸೆಂ.ಮೀ.ಗೆ ಲೇಸರ್ ಇಟ್ಟೆ. ಬಾಗಿಲ ಚೌಕಟ್ಟಿನಲ್ಲಿ 130 ಸೆಂ.ಮೀ. ಎತ್ತರಕ್ಕೆ ಗುರುತು ಹಾಕಿದೆ, ನಿಂತ ಮನುಷ್ಯನ ಎದೆಯ ಮಟ್ಟ. ಬಾಗಿಲು ತೆರೆದು, ಚೌಕಟ್ಟಿನ ಎಡ ಅಂಚಿನಿಂದ ಬಲ ಅಂಚಿನವರೆಗೆ ಚುಕ್ಕೆಯನ್ನು ನಿಧಾನ ಸರಿಸುತ್ತ, ಅದು ಹಿಂದೆ ಎಲ್ಲಿ ಬೀಳುತ್ತದೆಂದು ನಕ್ಷೆಯಲ್ಲಿ ಬರೆದುಕೊಂಡೆ. ಮೂಲೆಯಿಂದ ಬಾಗಿಲಿಗೆ 4.1 ಮೀಟರ್. ಅಷ್ಟರಲ್ಲಿ ಗೆರೆ 40 ಸೆಂ.ಮೀ. ಏರುತ್ತದೆ, ಮುಂದೆಯೂ ಅದೇ ಓಟದಲ್ಲಿ ಏರುತ್ತಲೇ ಹೋಗುತ್ತದೆ. 8 ಮೀಟರಿನಲ್ಲಿ 168, 12 ಮೀಟರಿನಲ್ಲಿ ಸುಮಾರು 207 ಸೆಂ.ಮೀ.

ಮೊದಲ ಸಲ ಹಿಡಿದಾಗ ಚುಕ್ಕೆ ಪ್ಯಾಸೇಜ್ ದಾಟಿ, ಅಡಿಗೆಮನೆಯ ಯುಟಿಲಿಟಿ ಬಾಗಿಲಿನ ಗಾಜಿನೊಳಗಿಂದ ಹಾದು, ಹಿಂದಿನ ಮನೆಯ ಮೊದಲ ಮಹಡಿಯ ಕಿಟಕಿಯ ಕೆಳಗೆ ಬಿತ್ತು. ಪರದೆಯ ಅಂಚಿನಲ್ಲಿ ಕೆಂಪಗೆ ನಡುಗುತ್ತಿದ್ದ ಆ ಚುಕ್ಕೆ ನೋಡಿದ ಮೇಲೆ ಬೇರೆ ವಿವರಣೆ ಬೇಕಿರಲಿಲ್ಲ. ಕೂರುವ ಮೂಲೆಯನ್ನು ಎದುರು ಬದಿಗೆ ಬದಲಿಸಿದೆ. ಮಂಚ ಒಂದೂಕಾಲು ಮೀಟರ್ ಸರಿಯಿತು, ವಾರ್ಡ್‌ರೋಬ್ ಇದ್ದಲ್ಲೇ ಉಳಿಯಿತು. ಈಗ ಬಾಗಿಲ ಪೂರ್ತಿ ಅಗಲಕ್ಕೆ ಚುಕ್ಕೆ ಬೀಳುವುದು ಮೆಟ್ಟಿಲ ಬದಿಯ 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆಯ ಮೇಲೆ. ಮಕ್ಕಳ ಕೋಣೆಯ ಬಾಗಿಲ ಅಂಚು ಮಾತ್ರ ಗೆರೆಗೆ ಹತ್ತಿರ ಬರುತ್ತದೆ. ಆದ್ದರಿಂದ ಮಕ್ಕಳು ನಮ್ಮ ಕೋಣೆಗೆ ಬಂದು ಸೇರುವವರೆಗೆ ಕೋವಿ ಬಾಗಿಲ ಕಡೆ ತಿರುಗುವುದೇ ಇಲ್ಲ ಎಂಬುದು ನಿಯಮ. ಕತ್ತಲಲ್ಲಿ ಕೋವಿ ಹಿಡಿದು ಕೋಣೆ ಕೋಣೆ ಹುಡುಕುವುದೂ ಇದೇ ಕಾರಣಕ್ಕೆ ಬೇಡ. ಒಂದು ಹೆಜ್ಜೆ ಮುಂದಿಟ್ಟರೂ ಅಳೆದ ಗೆರೆಗಳೆಲ್ಲ ಕೆಡುತ್ತವೆ.

ನಕ್ಷೆಯಲ್ಲಿ ಮೇಲಕ್ಕೂ ಕೆಳಕ್ಕೂ ನೋಡಬೇಕು. 5 ಇಂಚಿನ ಕಾಂಕ್ರೀಟ್ ಸ್ಲ್ಯಾಬನ್ನು .32 ಆಗಲಿ ಚರೆಯಾಗಲಿ ದಾಟುವುದಿಲ್ಲ. ತಾರಸಿ ಮೇಲೆ ಶೀಟು ಹಾಕಿ ಬಾಡಿಗೆಗೆ ಕೊಟ್ಟ ಒಂಟಿ ಕೋಣೆ ಇದ್ದರೆ ಮಾತು ಬೇರೆ, ಮೆಟ್ಟಿಲ ಬಾವಿಯ ಮೂಲಕ ಅಲ್ಲಿಗೆ ನೇರ ದಾರಿ ಇರುತ್ತದೆ. ಎಚ್ಚರಿಕೆಯ ಗುಂಡು ಎಂದು ಮೇಲಕ್ಕೆ ಹೊಡೆಯುವ ಯೋಚನೆಯನ್ನಂತೂ ಪೂರ್ತಿ ಬಿಡಬೇಕು. ಸ್ಲ್ಯಾಬಿಗೆ ಬಡಿದರೆ ಚಿಮ್ಮಿ ಮನೆಯೊಳಗೇ ಬರುತ್ತದೆ, ಶೀಟಿಗೆ ಬಡಿದರೆ ಆಚೆ ಹೋಗುತ್ತದೆ.

ಕೋವಿ

ಗೆರೆ ಸಿಕ್ಕ ಮೇಲೆ ಆಯ್ಕೆ ಮೂರಕ್ಕೆ ಇಳಿಯುತ್ತದೆ. .315 ರೈಫಲ್ ಮತ್ತು .30-06 ಮೊದಲ ಸುತ್ತಿಗೇ ಹೊರಗೆ. ಎರಡರ ಶಕ್ತಿಯೂ ಸಾವಿರಾರು ಜೂಲ್, ಇಟ್ಟಿಗೆ ಗೋಡೆಯನ್ನೇ ನಂಬುವಂತಿಲ್ಲ. .22 ಕೂಡ ಬೇಡ. ಸುಮಾರು 140 ಜೂಲ್ ಎಂದು ಹಗುರವಾಗಿ ಕಾಣುತ್ತದೆ, ಆದರೆ ತೆರೆದ ಕಿಟಕಿಯಿಂದ ಹೊರಬಿದ್ದರೆ ಅದು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಮುಂದಿದ್ದವನನ್ನು ತಡೆಯುವ ಭರವಸೆಯೂ ಕಡಿಮೆ.

.32 ರಿವಾಲ್ವರಿನ ತೋಟಾದಲ್ಲಿ 98 ಗ್ರೇನಿನ (ಸುಮಾರು 6.4 ಗ್ರಾಂ) ಸೀಸದ ಗುಂಡು, ವೇಗ ಸೆಕೆಂಡಿಗೆ ಸುಮಾರು 215 ಮೀಟರ್, ಶಕ್ತಿ 150 ಜೂಲ್ ಆಸುಪಾಸು. .32 ಪಿಸ್ತೂಲಿನದು 71 ಗ್ರೇನಿನ, ತಾಮ್ರದ ಹೊದಿಕೆಯ ಗುಂಡು, 275 ಮೀಟರ್, 175 ಜೂಲ್. ಎರಡಕ್ಕೂ .32 ಎಂದೇ ಹೆಸರು, ಆದರೆ ತೋಟಾ ಬೇರೆ ಬೇರೆ, ಅದಲು ಬದಲು ಮಾಡುವಂತಿಲ್ಲ. ಕಾಗದದ ಮೇಲೆ ಇವು ಅತಿ ಕಡಿಮೆ ದಾಟುವ ಆಯ್ಕೆ. ತೊಂದರೆ ಇರುವುದು ಕೈಯಲ್ಲಿ. ಮೂರು ಇಂಚಿನ ನಳಿಕೆ, ಹತ್ತಿರ ಹತ್ತಿರ ಇರುವ ಗುರಿ ಹಿಡಿಯುವ ಗುಬಟುಗಳು, ಬಿಗಿಯಾದ ಕುದುರೆ (ಟ್ರಿಗರ್). ಕತ್ತಲಲ್ಲಿ, ನಡುಗುವ ಕೈಯಲ್ಲಿ ಐದು ಮೀಟರಿಗೂ ತಪ್ಪುತ್ತದೆ. ಗೋಡೆ ದಾಟುವ ಸಮಸ್ಯೆ ಎಂದು ನಾವು ಕರೆಯುವುದರ ದೊಡ್ಡ ಪಾಲು ಗುರಿ ತಪ್ಪುವ ಸಮಸ್ಯೆಯೇ. 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ ಬಂದ .32 ರಿವಾಲ್ವರ್ ನಿರ್ಭೀಕ್ ತೂಗುವುದು ಅರ್ಧ ಕೆ.ಜಿ. ಮಾತ್ರ. ಜೊತೆಗೊಯ್ಯಲು ಅನುಕೂಲ, ಆದರೆ ಹಗುರವಾದಷ್ಟೂ ಒದೆತ ಹೆಚ್ಚು, ಎರಡನೇ ಗುಂಡಿಗೆ ಕೋವಿ ಗುರಿಗೆ ಮರಳುವುದು ತಡ. ವರ್ಷಕ್ಕೆ ಕೆಲವು ಸಲವಾದರೂ ರೇಂಜಿಗೆ ಹೋಗದವನಿಗೆ ನಾನು ಕೈಕೋವಿ ಹೇಳುವುದಿಲ್ಲ.

ಭುಜಕ್ಕೆ ಊರಿ, ಎರಡು ಕೈಯಲ್ಲಿ ಹಿಡಿದ 12 ಬೋರ್ ಬಾಗಿಲಿನಷ್ಟು ದೂರಕ್ಕೆ ತಪ್ಪುವುದು ಕಷ್ಟ. ನಾನು ಆರಿಸಿದ್ದು ಅದನ್ನೇ. ಅದರ ತೊಡಕು ಉದ್ದ. 30 ಇಂಚಿನ ಜೋಡಿ ನಳಿಕೆಯ ಕೋವಿ ಒಟ್ಟು ಸುಮಾರು ನಾಲ್ಕಡಿ, ಮೂರಡಿಯ ಪ್ಯಾಸೇಜಿನಲ್ಲಿ ತಿರುಗುವುದೇ ಇಲ್ಲ. 20 ಇಂಚಿನ ಪಂಪ್ ಆಕ್ಷನ್ ಒಂದು ಮೀಟರಿನಷ್ಟು. ಒಂದೇ ಮೂಲೆಯಲ್ಲಿ ಕೂತಿರುವವನಿಗೆ ಈ ಉದ್ದ ಅಡ್ಡಿಯಾಗುವುದಿಲ್ಲ. ನಳಿಕೆ ಕತ್ತರಿಸಿ ಗಿಡ್ಡ ಮಾಡುವುದು ಅಪರಾಧ, ಅದನ್ನು ಸೂಚಿಸುವ ರಿಪೇರಿಯವನ ಅಂಗಡಿಗೆ ಮತ್ತೆ ಹೋಗಬೇಡಿ.

ತೋಟಾ

ಕೊಡಗಿನಿಂದ ನಗರಕ್ಕೆ ಬಂದು ನೆಲೆಸಿದ ಎಷ್ಟೋ ಮನೆಗಳಲ್ಲಿ ಕೋವಿ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಅಲ್ಲಿನ ವಂಶಪಾರಂಪರ್ಯ ಜಮೀನಿನವರು) ಪರವಾನಗಿಯಿಂದ ವಿನಾಯಿತಿ ಇದೆ, ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ಕೋವಿಗೆ ಪೂಜೆಯೂ ಆಗುತ್ತದೆ. ಆ ಕೋವಿಯ ಜೊತೆಗೇ ತೋಟದ ಮನೆಯ ಎಲ್‌ಜಿ ತೋಟಾದ (ದೊಡ್ಡ ಚರೆಯದು) ಪೆಟ್ಟಿಗೆಯೂ ಬಂದಿರುತ್ತದೆ. ಸುತ್ತ ಕಾಫಿ ಗಿಡವಿದ್ದಾಗ ಒಗ್ಗುವ ತೋಟಾ ಜಯನಗರದಲ್ಲಿ ಒಗ್ಗುವುದಿಲ್ಲ. ಕೋವಿ ಅದೇ ಇರಲಿ, ಒಳಗಿನ ಈಡು ಬದಲಾಗಬೇಕು.

ನಮ್ಮಲ್ಲಿ ಚರೆಯ ಅಳತೆ ಬ್ರಿಟಿಷ್ ಪದ್ಧತಿಯದು. ಒಂದು ಔನ್ಸ್ ಸೀಸಕ್ಕೆ ಎಲ್‌ಜಿ 6 ಚರೆ, ಎಸ್‌ಜಿ 8, ಎಸ್‌ಎಸ್‌ಜಿ 15, ಎಎಎ 35, ಬಿಬಿ 70, ನಂ. 4 ಎಂದರೆ 170, ನಂ. 6 ಎಂದರೆ 270. ಔನ್ಸಿಗೆ 28.35 ಗ್ರಾಂ. ನಳಿಕೆಯ ಬಾಯಲ್ಲಿ ವೇಗ ಸೆಕೆಂಡಿಗೆ 380 ಮೀಟರ್ ಎಂದಿಟ್ಟುಕೊಂಡು ಒಂದೊಂದು ಚರೆಯ ಶಕ್ತಿಯನ್ನು ಲೆಕ್ಕ ಹಾಕಿದೆ. ಎಲ್‌ಜಿ 340 ಜೂಲ್, ಎಸ್‌ಜಿ 255, ಎಸ್‌ಎಸ್‌ಜಿ 136, ಎಎಎ 58, ಬಿಬಿ 29, ನಂ. 4 ಬರೀ 12. ಈ ಸಾಲು ನೋಡಿದರೆ ಎಲ್ಲ ತಿಳಿಯುತ್ತದೆ. ಎಲ್‌ಜಿಯ ಒಂದೊಂದು ಚರೆಗೂ .32 ಪಿಸ್ತೂಲಿನ ಒಂದು ಗುಂಡಿಗಿಂತ ಹೆಚ್ಚು ಬಲ. ಫ್ಲಶ್ ಡೋರಿನ ಆಚೆಗೆ ಅಂಥ ಆರು ಹೋಗುತ್ತವೆ.

ಹಾಗಾದರೆ ಸಣ್ಣ ಚರೆ ಸಾಕಲ್ಲ ಎನಿಸುತ್ತದೆ. ಇಲ್ಲೇ ಬಹಳ ಮಂದಿ ಎಡವುವುದು. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದ ನಂತರ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಒಂದು ಅಳತೆಗೋಲು ತಂದಿತು: ಮಾಂಸದ ಬದಲಿಗೆ ಇಡುವ ಜೆಲಾಟಿನ್ ಗಟ್ಟಿಯಲ್ಲಿ ಗುಂಡು ಕನಿಷ್ಠ 12 ಇಂಚು, ಹೆಚ್ಚೆಂದರೆ 18 ಇಂಚು, ಅಂದರೆ 30ರಿಂದ 45 ಸೆಂ.ಮೀ. ಇಳಿಯಬೇಕು. ನಂ. 4, ನಂ. 6 ರಂಥ ಹಕ್ಕಿ ಚರೆ ಇಳಿಯುವುದು ಅದರ ಅರ್ಧಕ್ಕೂ ಕಡಿಮೆ. ಗಾಯ ನೋಡಲು ಭೀಕರ, ಆದರೆ ಮೇಲುಮೇಲಿನದು, ಕತ್ತಿ ಹಿಡಿದು ಬಂದವನು ಅಷ್ಟಕ್ಕೆ ನಿಲ್ಲುತ್ತಾನೆಂಬ ಭರವಸೆ ಇಲ್ಲ. ಇನ್ನೊಂದು ಅಪಾಯವೂ ಇದೆ. ಎರಡು ಮೂರು ಮೀಟರಿಗೆ ಸಣ್ಣ ಚರೆಗಳು ಇನ್ನೂ ಚದುರಿರುವುದಿಲ್ಲ, ಒಂದೇ ಮುದ್ದೆಯಾಗಿ ಹೋಗಿ ಬಾಗಿಲನ್ನು ಒಡೆಯುತ್ತವೆ. ಹಕ್ಕಿ ಚರೆ ಬಾಗಿಲು ದಾಟುವುದಿಲ್ಲ ಎಂಬ ನಂಬಿಕೆಯಲ್ಲಿ ಆಚೆ ಮಕ್ಕಳನ್ನು ನಿಲ್ಲಿಸಬೇಡಿ.

ನನ್ನ ತೀರ್ಮಾನ ಇಷ್ಟು. ಗೆರೆಯ ಕೊನೆಯಲ್ಲಿ ಸಾಲಿಡ್ ಬ್ಲಾಕ್ ಗೋಡೆ ಇದೆ ಎಂದು ಅಳೆದು ಖಾತ್ರಿಯಾಗಿದ್ದರೆ ಎಸ್‌ಜಿ, ಸಿಕ್ಕರೆ ಎಸ್‌ಎಸ್‌ಜಿ. ಗೆರೆಯಲ್ಲಿ ಒಂದಾದರೂ ಬಾಗಿಲೋ ಪಾರ್ಟಿಶನ್ನೋ ತಪ್ಪಿಸಲಾಗದಂತೆ ಉಳಿದಿದ್ದರೆ ಎಎಎ, ತಡೆಯುವ ಶಕ್ತಿ ಕಡಿಮೆಯೆಂದು ಒಪ್ಪಿಕೊಂಡು. ಎಲ್‌ಜಿಯೂ ಒಂಟಿ ಗುಂಡಿನ ಸ್ಲಗ್ಗೂ ನಗರದ ಮನೆಗೆ ಬೇಡವೇ ಬೇಡ. ಸ್ಲಗ್ ಹಾಲೋ ಬ್ಲಾಕನ್ನೇ ಒಡೆದುಕೊಂಡು ಹೋಗಬಲ್ಲದು. ಅಂಗಡಿಯಲ್ಲಿ ಬೇಕಾದ ನಂಬರು ಸಿಗದೆ ಇದ್ದುದನ್ನೇ ತಂದರೆ ಇಡೀ ಲೆಕ್ಕ ಮತ್ತೆ ಮಾಡಬೇಕು. ನಾನು ಸಿಗುವವರೆಗೆ ಕಾಯುತ್ತೇನೆ.

ತೋಟಾದ ಉದ್ದವನ್ನು ಮರೆಯಬಾರದು. ಹಳೆಯ ಜೋಡಿ ನಳಿಕೆಗಳ ಚೇಂಬರ್ (ತೋಟಾ ಕೂರುವ ಜಾಗ) ಬಹಳಷ್ಟು 65 ಮಿ.ಮೀ. ತೋಟಾದ ಮೇಲೆ ಬರೆದ 70 ಎಂಬುದು ಬಾಯಿ ತೆರೆದುಕೊಂಡ ಮೇಲಿನ ಉದ್ದ. ಮಡಿಚಿದ ಸ್ಥಿತಿಯಲ್ಲಿ 70ರ ತೋಟಾ 65ರ ಚೇಂಬರಿಗೆ ಸಲೀಸಾಗಿ ಹೋಗುತ್ತದೆ, ಕೋವಿಯೂ ಮುಚ್ಚುತ್ತದೆ. ಹೊಡೆದಾಗ ಅದರ ಬಾಯಿ ಚೇಂಬರಿನ ಮುಂದಿನ ಇಕ್ಕಟ್ಟಿನಲ್ಲಿ ತೆರೆದುಕೊಂಡು ಒತ್ತಡ ಏರುತ್ತದೆ. ನಳಿಕೆಯ ಬುಡದ ಚಪ್ಪಟೆ ಭಾಗದಲ್ಲಿರುವ ಮುದ್ರೆ ನೋಡಿ, ಅರ್ಥವಾಗದಿದ್ದರೆ ಬಲ್ಲವರಿಂದ ಅಳೆಯಿಸಿ.

ಕಾಗದದ ಮೇಲೆ

ಚರೆ ಎಷ್ಟು ಚದುರುತ್ತದೆ ಎಂಬುದು ಕೋವಿಯಿಂದ ಕೋವಿಗೆ ಬೇರೆ. ರೇಂಜಿನವರ ಒಪ್ಪಿಗೆ ಪಡೆದು ಮೂರಡಿ ಚೌಕದ ಖಾಕಿ ಕಾಗದ ತೂಗುಹಾಕಿ 3, 5, 8 ಮೀಟರಿಗೆ ಎರಡೆರಡು ಈಡು ಹೊಡೆಯಬೇಕು. ಚೋಕ್ (ಬಾಯಿಯ ಬಳಿಯ ಇಕ್ಕಟ್ಟು) ಇಲ್ಲದ ನಳಿಕೆಯಲ್ಲಿ ಮೀಟರಿಗೆ ಎರಡೂವರೆಯಿಂದ ಮೂರು ಸೆಂ.ಮೀ. ಹರಡುತ್ತದೆಂದು ಅಂದಾಜು. ನನ್ನದರಲ್ಲಿ 5 ಮೀಟರಿಗೆ ಎಸ್‌ಜಿ ಹರಡಿದ್ದು 13 ಸೆಂ.ಮೀ., ಚಾಚಿದ ಅಂಗೈಯಷ್ಟು. ಮನೆಯೊಳಗೆ ಬಂದೂಕು ಗುರಿಯಿಡದೆ ಹೊಡೆದರೂ ತಾಗುತ್ತದೆ ಎನ್ನುವವರಿಗೆ ಈ ಕಾಗದ ತೋರಿಸಬೇಕು. ಗಮನಿಸಬೇಕಾದ್ದು ಗುಂಪಿನಿಂದ ಬೇರೆಯಾಗಿ ಹೋದ ಒಂಟಿ ಚರೆಯನ್ನು. 8 ಮೀಟರಿನ ಕಾಗದದಲ್ಲಿ ಏಳು ಚರೆ ಒಂದು ಗೇಣಿನೊಳಗೆ, ಎಂಟನೆಯದು ಅಲ್ಲಿಂದ ನಾಲ್ಕು ಬೆರಳು ಆಚೆ. ಸೀಸದ ಚರೆ ನಳಿಕೆಯಲ್ಲಿ ಉಜ್ಜಿ ಚಪ್ಪಟೆಯಾದರೆ ಹೀಗೆ ಹಾದಿ ತಪ್ಪುತ್ತದೆ. ನಕ್ಷೆಯಲ್ಲಿ ಗೆರೆಯ ಅಗಲವನ್ನು ಆ ಒಂಟಿ ಚರೆಯ ಲೆಕ್ಕಕ್ಕೆ ಎಳೆಯಬೇಕು, ಗುಂಪಿನ ಲೆಕ್ಕಕ್ಕಲ್ಲ.

ಗಟ್ಟಿ ಗೋಡೆಯ ಇನ್ನೊಂದು ಮುಖ ಚಿಮ್ಮುವಿಕೆ. ಕಾಂಕ್ರೀಟಿಗೆ ಓರೆಯಾಗಿ ತಾಗಿದ ಚರೆ ಬಂದ ಕೋನದಲ್ಲೇ ಹಿಂತಿರುಗುವುದಿಲ್ಲ, ಅದಕ್ಕಿಂತ ಚಪ್ಪಟೆಯಾಗಿ ಗೋಡೆಗುಂಟ ಜಾರುತ್ತ ಹೋಗುತ್ತದೆ. ಆದ್ದರಿಂದ ಪ್ಯಾಸೇಜಿನ ಗೋಡೆಗೆ ಬೆನ್ನು ಹಚ್ಚಿ ನಿಲ್ಲುವುದು ಅತ್ಯಂತ ಅಪಾಯದ ಜಾಗ. ಗ್ರಾನೈಟ್, ವಿಟ್ರಿಫೈಡ್ ನೆಲವೂ ಹಾಗೇ, ಕೆಳಮುಖವಾಗಿ ಹೊಡೆದದ್ದು ಮೊಣಕಾಲ ಮಟ್ಟದಲ್ಲಿ ಮುಂದಿನ ಕೋಣೆಗೆ ಹೋಗುತ್ತದೆ. ನೇರವಾಗಿ ಗೋಡೆಗೆ ಬಡಿದರೆ ಸೀಸ ಸಿಡಿದು ಚೂರುಗಳು ಹಿಂದಕ್ಕೆ ಬರುತ್ತವೆ. ಅಪಾರ್ಟ್‌ಮೆಂಟಿನ ಎರಕದ ಗೋಡೆಗಳ ನಡುವೆ ಇರುವವರು ಗುಂಡು ದಾಟುವುದಕ್ಕಿಂತ ಇದನ್ನೇ ಹೆಚ್ಚು ಲೆಕ್ಕಿಸಬೇಕು.

ಗೆರೆಯ ಕೊನೆಗೆ ಮೆತ್ತನೆಯ ಅಡ್ಡ ಇದ್ದರೆ ದಾಟುವುದೂ ಚಿಮ್ಮುವುದೂ ಎರಡೂ ನಿಲ್ಲುತ್ತವೆ. ಒಣ ಮರಳಿನಷ್ಟು ಒಳ್ಳೆಯದು ಬೇರೆ ಇಲ್ಲ. ಎಂ-ಸ್ಯಾಂಡ್ ತುಂಬಿದ 15 ಸೆಂ.ಮೀ. ಅಡ್ಡವನ್ನು .32 ಗುಂಡೂ ಎಸ್‌ಜಿಯೂ ದಾಟುವುದಿಲ್ಲ. 90 ಸೆಂ.ಮೀ. ಅಗಲ, 120 ಎತ್ತರ, 15 ದಪ್ಪದ ಪೆಟ್ಟಿಗೆಗೇ ಸುಮಾರು 260 ಕೆ.ಜಿ. ಮರಳು ಹಿಡಿಯುತ್ತದೆ, ಗೆರೆ ಅದಕ್ಕಿಂತ ಮೇಲೆ ತಾಗುವಲ್ಲಿ ಪೆಟ್ಟಿಗೆಯೂ ಎತ್ತರವಾಗಬೇಕು, ಭಾರವೂ ಏರುತ್ತದೆ. ಮನೆಯ ಸ್ಲ್ಯಾಬನ್ನು ಚದರ ಮೀಟರಿಗೆ 200 ಕೆ.ಜಿ.ಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ, ಆದ್ದರಿಂದ ಮಹಡಿಯಲ್ಲಾದರೆ ತೊಲೆಯ ಮೇಲೆ, ಗೋಡೆಗೆ ಒತ್ತಿ ಇಡಬೇಕು, ಎಂಜಿನಿಯರನ್ನು ಕೇಳಿಯೇ. 12 ಮಿ.ಮೀ. ಪ್ಲೈವುಡ್ಡಿನಲ್ಲಿ ಮಾಡಿಸಿದರೆ ತಿಂಗಳಲ್ಲಿ ನಡು ಉಬ್ಬುತ್ತದೆ. ಅರ್ಧ ಎತ್ತರದಲ್ಲಿ ಎರಡು ಹಲಗೆಗಳನ್ನೂ ಬೋಲ್ಟಿನಿಂದ ಬಿಗಿಯಬೇಕು. ಮರಳು ಕುಸಿದು ಮೇಲುಗಡೆ ನಾಲ್ಕೈದು ಬೆರಳು ಖಾಲಿ ಬೀಳುತ್ತದೆ, ಸರಿಯಾಗಿ ಎದೆಯ ಮಟ್ಟದಲ್ಲಿ. ತುಂಬುವಾಗಲೇ ಅರ್ಧ ಅಡಿಗೊಮ್ಮೆ ಕುಟ್ಟಿ, ತಿಂಗಳ ನಂತರ ಮತ್ತೆ ತುಂಬಬೇಕು. ಮರಳು ಬೇಡವೆಂದರೆ ಪುಸ್ತಕದ ಕಪಾಟು ಆಗುತ್ತದೆ, 30 ಸೆಂ.ಮೀ. ಆಳ, ಎರಡು ಸಾಲು, ಬೆರಳು ತೂರದಷ್ಟು ಒತ್ತಾಗಿ. ಪುಸ್ತಕದ ತಲೆಗೂ ಮೇಲಿನ ಹಲಗೆಗೂ ನಡುವಿನ ಸಂದಿಯನ್ನು ಅಡ್ಡ ಪುಸ್ತಕ ಮಲಗಿಸಿ ಮುಚ್ಚಬೇಕು.

20×30ರ ಮನೆ, ಪಕ್ಕದವರೊಂದಿಗೆ ಹಂಚಿಕೊಂಡ 4 ಇಂಚಿನ ಗೋಡೆ, ಮೇಲೆ ಶೀಟು. ಇಂಥಲ್ಲಿ ಯಾವ ಮೂಲೆಯಲ್ಲಿ ಕೂತರೂ ನಂಬಬಹುದಾದ ಗೆರೆ ಸಿಗುವುದಿಲ್ಲ. ವಠಾರದ ಮನೆಗಳಿಗೂ ಇದೇ ಮಾತು. ಕೋವಿಯ ಹಣವನ್ನು ಕಬ್ಬಿಣದ ಗ್ರಿಲ್ ಬಾಗಿಲು, ಒಳಗಿನ ಅಡ್ಡಪಟ್ಟಿ, ಅಲಾರಂಗೆ ಹಾಕಿ. ನಾನು ಅಳೆದು ಕೊಟ್ಟ ಮನೆಗಳಲ್ಲಿ ಇಂಥವಕ್ಕೆ ಬೇಡ ಎಂದೇ ಹೇಳಿದ್ದೇನೆ.

ಕಾನೂನಿನ ಭಾಗ ಚಿಕ್ಕದು, ಆದರೆ ಕಂಠಪಾಠ ಇರಬೇಕು. ಬೆಂಗಳೂರು ನಗರದಲ್ಲಿ ಪರವಾನಗಿ ಕೊಡುವವರು ಪೊಲೀಸ್ ಕಮಿಷನರ್. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ, ಪರವಾನಗಿಯ ಅವಧಿ ಐದು ವರ್ಷ. ಅದೇ ತಿದ್ದುಪಡಿಯಂತೆ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಖಾಸಗಿ ರಕ್ಷಣೆಯ ಹಕ್ಕು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ. 37ನೆಯದು ಮಿತಿ ಹಾಕುತ್ತದೆ: ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ಹಾಗಾಗಿ ಮೂಲೆಗೆ ಸೇರಿದ ಕೂಡಲೇ ಮೊದಲ ಕೆಲಸ 112ಕ್ಕೆ ಕರೆ. 44ನೆಯದು ನಿರಪರಾಧಿಗೆ ಅಪಾಯವಾಗಬಹುದಾದ ಸಂದರ್ಭದ ಬಗ್ಗೆ. ಜೀವ ಹೋಗುವಂಥ ದಾಳಿಯಲ್ಲಿ, ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಅದು ಅನ್ವಯ. ಗೆರೆ ಅಳೆಯದೆ ಇಟ್ಟುಕೊಂಡವನ ಉದಾಸೀನಕ್ಕೆ ಅದು ಆಸರೆಯಾಗುತ್ತದೆಂದು ನಂಬಬೇಡಿ.

ಕೋವಿ ಗೋಡೆಗೆ ಬೋಲ್ಟ್ ಮಾಡಿದ ಪೆಟ್ಟಿಗೆಯಲ್ಲಿ, ತೋಟಾ ಬೇರೆ ಬೀಗದಲ್ಲಿ. ಮಳೆಗಾಲದ ತೇವಕ್ಕೆ ಕಾಗದದ ಕವಚದ ತೋಟಾ ಉಬ್ಬಿ ಚೇಂಬರಿಗೆ ಹೋಗದಂತಾಗುತ್ತದೆ, ಪ್ಲಾಸ್ಟಿಕ್ಕಿನದೇ ಒಳ್ಳೆಯದು. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಂಡರೆ ಪಕ್ಕಕ್ಕಿಡಿ. ಹಳೆಯದನ್ನು ಎರಡು ವರ್ಷಕ್ಕೊಮ್ಮೆ ರೇಂಜಿನಲ್ಲಿ ಮುಗಿಸಿ ಹೊಸದು ತರಬೇಕು. ಈಡು ಢಂ ಎನ್ನದೆ ಪುಸ್ಸೆಂದರೆ ಅಲ್ಲೇ ನಿಲ್ಲಿಸಿ, ನಳಿಕೆಯಲ್ಲಿ ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ಸಿಕ್ಕಿರಬಹುದು. ತೋಟಾ ತೆಗೆದು, ನಳಿಕೆಯಲ್ಲಿ ಬೆಳಕು ಕಂಡ ಮೇಲೆಯೇ ಮುಂದಿನದು.

ನಕ್ಷೆಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಬರೆಯುತ್ತೇನೆ. ಹೋದ ವರ್ಷ ಖಾಲಿ ಇದ್ದ ಮೂಲೆ ಸೈಟಿನಲ್ಲಿ ಈಗ ಮೂರು ಮಹಡಿ ಎದ್ದಿದೆ, ಅದರ ಎರಡನೇ ಮಹಡಿಯ ಬಾಲ್ಕನಿ ನಮ್ಮ ಮೆಟ್ಟಿಲ ಕಿಟಕಿಗೆ ನೇರ. ಲೇಸರ್ ಹಿಡಿದಾಗ ಚುಕ್ಕೆ ಕಿಟಕಿಯ ಚೌಕಟ್ಟಿಗೆ ಒಂದು ಗೇಣು ಈಚೆಗೆ ಬಿತ್ತು. ಆ ಒಂದು ಗೇಣನ್ನು ನಾನು ನಂಬಲಿಲ್ಲ, ಕೂರುವ ಜಾಗವನ್ನು ಇನ್ನೂ ಅರ್ಧ ಮೀಟರ್ ಎಡಕ್ಕೆ ಸರಿಸಿ, ನೆಲದ ಮೇಲೆ ಹೊಸ ಟೇಪು ಅಂಟಿಸಿದೆ.